ಅಜ್ಜಿಯ ಕೌದಿ ರಿಪೇರಿ: 19 ದಿನದ ಟಿಪ್ಪಣಿ

ದಾವಣಗೆರೆಯ ಮಂಡಿಪೇಟೆ ಕಡೆಯ ಹಳೇ ಮನೆಯೊಂದರ ಕೌದಿ ಇದು, ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ. ಅಜ್ಜಿಯ ವರ್ಷದ ಕಾರ್ಯ ಮುಗಿದ ಮೇಲೆ ಕಬ್ಬಿಣದ ಟ್ರಂಕ್ ತೆಗೆದಾಗ ತಳದಲ್ಲಿ ಸಿಕ್ಕಿದ್ದು. ಮನೆಯವರು ಕೇಳಿದ್ದು ಎರಡೇ: ಹರಿದದ್ದು ನಿಲ್ಲಬೇಕು, ಅಜ್ಜಿಯ ಕೈ ಉಳಿಯಬೇಕು. ಕೇಳಲಿಕ್ಕೆ ಸುಲಭ, ಆದರೆ ಒಂದರ ಕಾಲನ್ನು ಇನ್ನೊಂದು ಎಳೆಯುತ್ತದೆ. ಹಳೇ ಕೌದಿಯನ್ನು ಹೊಸದರಂತೆ ಮಾಡಿಕೊಡುವುದು ಹೊಲಿಗೆ ಬಲ್ಲ ಯಾರಿಗೂ ಕಷ್ಟವಲ್ಲ. ಹಾಗೆ ಮಾಡಿದರೆ ಮನೆಗೆ ಹೋಗುವುದು ಅಜ್ಜಿಯ ಕೌದಿಯಲ್ಲ, ಅದೇ ಅಳತೆಯ ಬೇರೊಂದು ಕೌದಿ. ಅದಕ್ಕೇ ಮೊದಲ ದಿನವೇ ಹಾಕಿಕೊಂಡ ಕಟ್ಟಳೆ: ಅಜ್ಜಿ ಹಾಕಿದ ಒಂದು ಹೊಲಿಗೆಯನ್ನೂ ಬಿಚ್ಚುವುದಿಲ್ಲ, ಈಗ ಹಾಕುವ ಹೊಲಿಗೆ ಯಾವುದೆಂದು ಮುಂದೆ ನೋಡುವವರಿಗೆ ಗುರುತು ಸಿಗಬೇಕು.

ಅಳತೆ 152 × 205 ಸೆಂ.ಮೀ. ಒಣಗಿದ್ದಾಗ ತೂಕ 2 ಕೆ.ಜಿ. 200 ಗ್ರಾಂ. ತೆಳು ಇದ್ದಲ್ಲಿ 5 ಪದರ, ದಪ್ಪ ಇದ್ದಲ್ಲಿ 9. ಹಾಳಾದದ್ದರ ಪಟ್ಟಿ ಹೀಗಿತ್ತು: ತಲೆ ಕಡೆಯ ಅಂಚು 118 ಸೆಂ.ಮೀ. ಉದ್ದಕ್ಕೆ ಸವೆದು ಒಳಬಟ್ಟೆ ಹೊರಗೆ ಬಂದಿದೆ. ತೂತು 11, ದೊಡ್ಡದು 14 × 9 ಸೆಂ.ಮೀ.; ದಾರ ಹೋದ ಸಾಲುಗಳೆಲ್ಲ ಸೇರಿ 46 ಮೀಟರ್; ತುಕ್ಕಿನ ಕಲೆ ಎರಡು; ಒಂದು ಮೂಲೆಯನ್ನು ಇಲಿ ಕಡಿದಿದೆ.

ದಿನ 1ರಿಂದ 3: ಸೂಜಿ ಮುಟ್ಟುವುದಿಲ್ಲ

ಬಿಳಿ ದಾರವನ್ನು 20 ಸೆಂ.ಮೀ.ಗೆ ಒಂದರಂತೆ ಉದ್ದ-ಅಡ್ಡ ಹರಡಿ ಕೌದಿಯ ಮೇಲೆ ಚೌಕಗಳನ್ನು ಮಾಡಿಕೊಳ್ಳಬೇಕು. ಇಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 11, ಒಟ್ಟು 88 ಚೌಕ. ಪ್ರತಿಯೊಂದಕ್ಕೂ ಒಂದು ನಂಬರ್, ಮುಂದಿನದು ಒಂದು, ಹಿಂದಿನದು ಒಂದು ಫೋಟೋ. ಬಿಸಿಲಲ್ಲಿ ತೆಗೆದರೆ ಬಣ್ಣ ಸುಳ್ಳು ಹೇಳುತ್ತದೆ. ಬೆಳಿಗ್ಗೆ ನೆರಳಲ್ಲಿ ತೆಗೆದರೆ ಸರಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟು ಇನ್ನೊಂದು ಸುತ್ತು ತೆಗೆಯಿರಿ. ಹೊಲಿಗೆಯ ಏರುತಗ್ಗು ಆಗ ಎದ್ದು ಕಾಣುತ್ತದೆ. ಮುಖ್ಯವಾದದ್ದೆಲ್ಲ ಇಲ್ಲಿ ಸಿಕ್ಕಿದ್ದು ಈ ರಾತ್ರಿ ಫೋಟೋಗಳಲ್ಲೇ.

ಮೂಲ ಹೊಲಿಗೆ ಅಂಚಿನಿಂದ ಶುರುವಾಗಿ, ಮೂಲೆಯಲ್ಲಿ ತಿರುಗಿ, ಚೌಕದೊಳಗೆ ಚೌಕವಾಗಿ ನಡುವಿಗೆ ಹೋಗಿದೆ. ಒಂದು ಇಂಚಿಗೆ 5 ಹೊಲಿಗೆ, ಸಾಲಿನಿಂದ ಸಾಲಿಗೆ ಒಂದೂವರೆ ಸೆಂ.ಮೀ., ಅಂದರೆ ತೋರುಬೆರಳಿನ ಅಗಲ. ಗೆರೆ ಎಳೆಯದೆ ಬೆರಳನ್ನೇ ಅಳತೆ ಇಟ್ಟುಕೊಂಡು ಹೋದ ಕೈ. ಅದರ ಮೇಲೆ ಆಮೇಲಿನ ತೇಪೆಗಳು ಇವೆ, ಹೊಲಿಗೆ ಬೇರೆ. ಕಂದು ದಾರದ ತೇಪೆಗಳಲ್ಲಿ ಇಂಚಿಗೆ 3 ಹೊಲಿಗೆ, ಸಾಲು ಅಲ್ಲಲ್ಲಿ ಸೊಟ್ಟ. ಗುಲಾಬಿ ದಾರದ ತೇಪೆಗಳು ಕಂದು ದಾರದ ಮೇಲೆ ಹಾದು ಹೋಗಿವೆ, ಅಂದರೆ ಅದಕ್ಕಿಂತ ಈಚಿನವು; ಆದರೂ ಅವುಗಳಲ್ಲಿ ಹೊಲಿಗೆ ಮತ್ತೆ ಸಣ್ಣದಾಗಿ ಇಂಚಿಗೆ 4 ಬಂದಿದೆ. ವಯಸ್ಸಾದಂತೆ ಹೊಲಿಗೆ ದೊಡ್ಡದಾಗುವುದು ಸಹಜ, ತಿರುಗಿ ಸಣ್ಣದಾಗುವುದು ಯಾಕೆ? ಅಜ್ಜಿಯ ಮಗಳೊಬ್ಬರು ಒಂದೇ ಮಾತಿನಲ್ಲಿ ಬಿಡಿಸಿದರು: ನಡುವೆ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು.

ಹೊಲಿಗೆ ಬಿಚ್ಚಿದ್ದರೆ ಈ ಗುರುತು ಹೋಗುತ್ತಿತ್ತು. ತೇಪೆ ಹಾಕುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೇ ಆ ಸೊಟ್ಟ ಸಾಲುಗಳನ್ನು ಕಿತ್ತು 'ನೀಟಾಗಿ' ಹಾಕುವುದು.

ಇನ್ನೊಂದು ಕಡೆ ಇರುವುದು ಹೊಲಿಗೆ ದಾರವೇ ಅಲ್ಲ. ಅಕ್ಕಿ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಒಂದು ತುದಿ ಸಿಕ್ಕರೆ ಸರಸರ ಬಿಚ್ಚಿಕೊಳ್ಳುವ ದಪ್ಪ ದಾರ, ಅದು. ಮಂಡಿ ಇರುವ ಊರಿನಲ್ಲಿ ಈ ದಾರಕ್ಕೆ ಬರವಿಲ್ಲ. ಬಿಚ್ಚಿದ ದಾರ ಹೊಲಿಗೆ ಬಿದ್ದಿದ್ದ ಜಾಗದಲ್ಲಿ ಸುರುಳಿ ಸುರುಳಿಯಾಗಿಯೇ ಉಳಿದಿರುತ್ತದೆ, ಆ ಗುರುತಿನಿಂದ ಹಿಡಿಯಬಹುದು.

ಒಳಪದರಗಳ ವಯಸ್ಸು

ಕೌದಿಯಲ್ಲಿ ಸಾಮಾನ್ಯವಾಗಿ ಒಳಗೆ ಹೋದಷ್ಟು ಹಳತು. ಬಿಚ್ಚದೆ ಒಳಗೆ ನೋಡಬೇಕಾದರೆ ಇರುವ ತೂತುಗಳೇ ಕಿಟಕಿ. ದೊಡ್ಡ ತೂತಿನಲ್ಲಿ ಮೊಂಡು ತುದಿಯ ಚಿಮುಟದಿಂದ ಒಂದೊಂದೇ ಪದರ ಎತ್ತಿ, ಬೆಂಕಿಕಡ್ಡಿ ಅಡ್ಡ ಇಟ್ಟು ಎಣಿಸಿದಾಗ ಮೇಲಿನಿಂದ ಕೆಳಕ್ಕೆ ಇದ್ದದ್ದು: ಹೂವಿನ ಪ್ರಿಂಟಿನ ವಾಯಿಲ್ (ತೆಳು ಹತ್ತಿ) ಸೀರೆ, ಪಾಲಿಯೆಸ್ಟರ್ ಸೀರೆ, ಇಳಕಲ್ ಸೀರೆಯ ಒಡಲು, ಖಣದ (ಕುಪ್ಪಸ ಹೊಲಿಸುವ ಬಟ್ಟೆ) ಒಂದು ಸಣ್ಣ ತುಂಡು, ಬಟ್ಟೆ ಅಂಗಡಿಯ ಕೈಚೀಲ, ಬಿಳಿ ದೋತ್ರ, ಕೋರಾ (ಬಿಳುಪು ಮಾಡದ) ಬಟ್ಟೆ.

ಇಸವಿ ಹಿಡಿಯಲು ಕೈಚೀಲದಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಮದುವೆ ಜವಳಿ ಕೊಂಡಾಗ ಅಂಗಡಿಯವರು ಕೊಡುತ್ತಿದ್ದ ಕಾಟನ್ ಚೀಲ. ವಿಳಾಸದಲ್ಲಿ ಊರು ದಾವಣಗೆರೆ, ಜಿಲ್ಲೆ ಚಿತ್ರದುರ್ಗ, ರಾಜ್ಯ ಕರ್ನಾಟಕ, ಕೆಳಗೆ ಪಿನ್‌ಕೋಡ್. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ, ಚೀಲ ಅದಕ್ಕಿಂತ ಹಿಂದಿನದು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಲ್ಲಿಗೆ ಈ ಪದರ 1973ರ ಕೊನೆಯಿಂದ 1997ರ ನಡುವಿನದು ಅಂತಾಯಿತು. ಆ ಅವಧಿಯಲ್ಲಿ ಮನೆಯಲ್ಲಿ ನಡೆದ ಮದುವೆಗಳು ಎರಡೇ. ಹಳೇ ಕೌದಿಯಲ್ಲಿ ಅಕ್ಷರ ಕಂಡರೆ ತೊಳೆಯುವ ಮುಂಚೆಯೇ ಫೋಟೋ ತೆಗೆದು, ಓದಿ, ಬರೆದಿಟ್ಟುಕೊಳ್ಳಿ. ಶಾಯಿ ನೀರಿಗೆ ನಿಲ್ಲುತ್ತದೆಂಬ ಭರವಸೆ ಇಲ್ಲ.

ತಳದ ಕೋರಾ ಬಟ್ಟೆಯ ತುದಿಯಲ್ಲಿ ಗಿರಣಿಯ ಅರ್ಧ ಅಳಿಸಿದ ಮುದ್ರೆ ಇತ್ತು, ಉದ್ದ ಗಜದ ಲೆಕ್ಕದಲ್ಲಿ. ಮೆಟ್ರಿಕ್ ಅಳತೆ 1958ರಿಂದ ಹಂತಹಂತವಾಗಿ ಜಾರಿಗೆ ಬಂದು 1960ರ ದಶಕದ ಆರಂಭಕ್ಕೆ ಕಡ್ಡಾಯವಾಯಿತು. ಹಾಗಾಗಿ ಆ ಬಟ್ಟೆ ಹೆಚ್ಚುಕಡಿಮೆ ಅದಕ್ಕಿಂತ ಮುಂಚಿನದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ ಗಿರಣಿ ಬಟ್ಟೆ ಕೌದಿಯ ತಳಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಖಣದ ತುಂಡು ಕುಪ್ಪಸದ್ದು ಅನ್ನಿಸಿತ್ತು. ಟಾರ್ಚ್ ಹಾಕಿ ನೋಡಿದರೆ ಅಂಚಿನಲ್ಲಿ ಸಣ್ಣ ನೆರಿಗೆ, ಒಂದು ಲಾಡಿಯ ಮೊಟಕು ಇತ್ತು. ಕುಪ್ಪಸಕ್ಕೆ ಅಲ್ಲಿ ನೆರಿಗೆ ಬರುವುದಿಲ್ಲ. ಅದು ಮಗುವಿನ ತಲೆಗೆ ಕಟ್ಟುವ ಕುಲಾವಿ.

ಯಾವ ಬಟ್ಟೆ, ಎಷ್ಟು ಗಟ್ಟಿ

ಹರಿದ ಅಂಚಿನಲ್ಲಿ ತಾನಾಗಿ ಬಿಟ್ಟಿರುವ ಎಳೆ ಮಾತ್ರ ತೆಗೆದುಕೊಂಡು, ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಟ್ಟು ನೋಡಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯ ಒಡಲು ಹತ್ತಿಯಾದರೂ ಸೆರಗಿನ ಕೆಂಪು ಕೃತಕ ರೇಷ್ಮೆಯದಿರಬಹುದು. ಅದು ಹತ್ತಿಯಂತೆಯೇ ಉರಿಯುತ್ತದೆ, ಆದರೆ ಒದ್ದೆಯಾದಾಗ ಬಲ ಬಹಳ ಕುಂದುತ್ತದೆ. ಒದ್ದೆ ಸೆರಗನ್ನು ಎಳೆಯಲೇಬಾರದು.

ಕಪ್ಪು ಬಟ್ಟೆಯ ಬಗ್ಗೆ ಒಂದು ಮಾತು. ಕೌದಿಯಲ್ಲಿ ಮಿಕ್ಕ ಬಣ್ಣಗಳೆಲ್ಲ ಗಟ್ಟಿಯಾಗಿದ್ದು ಕಪ್ಪು ಮಾತ್ರ ಮುಟ್ಟಿದರೆ ಪುಡಿಯಾಗುವುದನ್ನು ನೋಡಿರುತ್ತೀರಿ. ಕಬ್ಬಿಣ ಬೆರೆಸಿ ಕಪ್ಪು ಬರಿಸಿದ ಹಳೇ ಬಣ್ಣ ಕಾಲಕ್ರಮದಲ್ಲಿ ಎಳೆಯನ್ನೇ ತಿನ್ನುತ್ತದೆ. ಅಂಥ ಕಪ್ಪಿಗೆ ಸೂಜಿ ಹಾಕಿದರೆ ಪ್ರತಿ ಚುಚ್ಚೂ ಒಂದು ತೂತು. ಮೇಲೆ ತೆಳು ಬಟ್ಟೆ ಹೊದಿಸಿ, ಕಪ್ಪಿನ ಆಚೆ ಈಚೆ ಗಟ್ಟಿ ಜಾಗದಲ್ಲಿ ಮಾತ್ರ ಹೊಲಿಯಬೇಕು. ಇಲ್ಲಿ ಚೌಕ 34 ಮತ್ತು 42ರಲ್ಲಿ ಹಾಗೇ ಮಾಡಿದ್ದು.

ಚಳ್ಳಕೆರೆ, ಹಿರಿಯೂರು ಕಡೆಯ ಕೌದಿಯೊಳಗೆ ಕೆಲವೊಮ್ಮೆ ಹಳೇ ಕಂಬಳಿ ತುಂಡು ಇರುತ್ತದೆ. ಇದ್ದರೆ ನುಸಿ ಇರಬಹುದೆಂದೇ ತಿಳಿಯಿರಿ. ನುಸಿ ಹತ್ತಿಯನ್ನು ತಿನ್ನುವುದಿಲ್ಲ, ಉಣ್ಣೆಗೆ ದಾರಿ ಮಾಡಿಕೊಳ್ಳಲು ಹತ್ತಿಯನ್ನು ತೂತು ಮಾಡುತ್ತದೆ. ಪೂರ್ತಿ ಒಣಗಿದ ಕೌದಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬೇಸಿಗೆ ಬಿಸಿಲಿಗೆ ಮಹಡಿ ಮೇಲೆ ಎರಡು ದಿನ ಇಟ್ಟು, ಮಧ್ಯಾಹ್ನ ಒಮ್ಮೆ ಮಗುಚಿದರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಸ್ವಲ್ಪ ತೇವ ಉಳಿದಿದ್ದರೂ ಚೀಲದೊಳಗೆ ಬೆವರಿ ಬೂಸಲು ಬರುತ್ತದೆ.

ದಿನ 4ರಿಂದ 7: ಧೂಳು, ನೀರು

ಕೋಲಿನಲ್ಲಿ ಬಡಿಯುವುದು ಬೇಡ. ಸವೆದ ಎಳೆ ಮುರಿಯುವುದೇ ಅಲ್ಲಿ. ಸೊಳ್ಳೆ ಪರದೆಯ ತುಂಡನ್ನು ಕೌದಿಯ ಮೇಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು, ಉಜ್ಜದೆ ಎತ್ತಿ ಎತ್ತಿ ಇಡಬೇಕು. ಎರಡೂ ಕಡೆ ಸೇರಿ ಎರಡು ಗಂಟೆ. ಇದೇ ಹೊತ್ತಿನಲ್ಲಿ ಚೌಕ 61ರಲ್ಲಿ ಏನೋ ಗಟ್ಟಿ ತಗುಲಿತು. ತುಕ್ಕು ಹಿಡಿದ ಸೂಜಿ, ಕಣ್ಣಲ್ಲಿ ಗುಲಾಬಿ ದಾರ ಹಾಗೇ ಇದೆ. ಒಂದು ತುಕ್ಕಿನ ಕಲೆಗೆ ಕಾರಣ ಅದೇ. ಉಳಿಸಿಕೊಳ್ಳುವ ಆಸೆಯಾದರೂ ಕೌದಿಯಲ್ಲಿ ಬಿಡುವಂತಿಲ್ಲ, ನೀರು ತಾಗಿದರೆ ತುಕ್ಕು ಹರಡುತ್ತದೆ. ದಾರದಿಂದ ಸೂಜಿಯನ್ನು ಜಾರಿಸಿ ತೆಗೆದು, ಕಾಗದದ ಪೊಟ್ಟಣದಲ್ಲಿ ಚೌಕದ ನಂಬರ್ ಬರೆದು ಇಟ್ಟದ್ದಾಯಿತು. ದಾರದ ತುದಿ ಇದ್ದಲ್ಲೇ ಇದೆ.

ತುಕ್ಕಿನ ಕಲೆಗೆ ನಿಂಬೆರಸ-ಉಪ್ಪು ಹಚ್ಚುವುದು ಮನೆಮನೆಯ ಮದ್ದು. ಕಲೆ ಹೋಗುತ್ತದೆ, ಆದರೆ ಪದರ ಪದರದ ಕೌದಿಯಿಂದ ಆ ಹುಳಿಯನ್ನು ಪೂರ್ತಿ ಜಾಲಿಸಲು ಆಗುವುದಿಲ್ಲ, ಉಳಿದ ಹುಳಿ ಹತ್ತಿಯನ್ನು ಕೊರೆಯುತ್ತದೆ. ಕಲೆ ಬಿಡುವುದೇ ಲೇಸು. ಅರಿಶಿನದ ಕಲೆಗೆ ಸಾಬೂನು ತಾಗಿಸಿದರೆ ಕ್ಷಾರಕ್ಕೆ ಕೆಂಪಾಗುತ್ತದೆ, ಗಾಬರಿ ಬೇಡ. ಅದು ಬಿಸಿಲಿಗೆ ತಾನೇ ಮಾಸುವ ಬಣ್ಣ.

ಬಣ್ಣ ಬಿಡುತ್ತದೋ ಇಲ್ಲವೋ ನೋಡದೆ ನೀರಿಗೆ ಹಾಕಬಾರದು. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಪ್ರತಿ ಬಣ್ಣದ ಮೇಲೆ ಐದು ನಿಮಿಷ ಒತ್ತಿ ಹಿಡಿಯಬೇಕು, ಒಮ್ಮೆ ಬರೀ ನೀರಿನಲ್ಲಿ, ಒಮ್ಮೆ ಸಾಬೂನು ನೀರಿನಲ್ಲಿ. ಇಳಕಲ್ ಸೆರಗಿನ ಕೆಂಪು ಬರೀ ನೀರಿಗೆ ಬಿಡಲಿಲ್ಲ, ಸಾಬೂನಿಗೆ ಚೆನ್ನಾಗಿ ಬಿಟ್ಟಿತು. ಅಲ್ಲಿಗೆ ಸಾಬೂನು ಕೈಬಿಟ್ಟದ್ದು. ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಾರೆ. ಆಗಲೇ ಬಣ್ಣ ಹಾಕಿ ಮುಗಿದಿರುವ ಹಳೇ ಬಟ್ಟೆಗೆ ಉಪ್ಪು ಏನೂ ಮಾಡುವುದಿಲ್ಲ. ಅಂಟುವಾಳದ ನೀರು ರೇಷ್ಮೆಗೆ ಒಳ್ಳೆಯದು, ಆದರೆ ಬಿಳಿ ದೋತ್ರಕ್ಕೆ ಕಂದು ಛಾಯೆ ಹಿಡಿಸುತ್ತದೆ.

ಬೋರ್‌ವೆಲ್ ನೀರೂ ಬೇಡ. ಚಿತ್ರದುರ್ಗ-ದಾವಣಗೆರೆ ಕಡೆಯ ಹಲವು ಬೋರ್‌ಗಳ ನೀರು ಗಡಸು. ಒಣಗಿದ ಮೇಲೆ ಬಟ್ಟೆ ಹಪ್ಪಳದಂತೆ ನಿಲ್ಲುತ್ತದೆ. ನಲ್ಲಿಯಲ್ಲಿ ನದಿ ನೀರು ಬರುವ ದಿನ ನೋಡಿ ಕೆಲಸ ಇಟ್ಟುಕೊಳ್ಳುವುದು ಸರಿ.

ತೊಟ್ಟಿ ಮಾಡಿದ ಬಗೆ: ಮಹಡಿಯ ನೆರಳಿನ ಮೂಲೆಯಲ್ಲಿ 175 × 225 ಸೆಂ.ಮೀ. ಅಳತೆಗೆ 36 ಇಟ್ಟಿಗೆ ಮಲಗಿಸಿ, ಮೇಲೆ ತೂತಿಲ್ಲದ ಟಾರ್ಪಾಲು ಹಾಸಿದ್ದು. 5 ಸೆಂ.ಮೀ. ನೀರು ನಿಲ್ಲಲು ಸುಮಾರು 200 ಲೀಟರ್ ಬೇಕು, 15 ಲೀಟರಿನ ಬಕೆಟ್ಟಿನಲ್ಲಿ 13. ಕೌದಿಗಿಂತ ದೊಡ್ಡದಾದ ಸೊಳ್ಳೆ ಪರದೆ ಮೊದಲು ಹಾಸಿ, ಅದರ ಮೇಲೆ ಕೌದಿ ಇಟ್ಟು, ಪರದೆ ಸಮೇತ ನೀರಿಗೆ ಇಳಿಸಬೇಕು. ಕಾರಣ ತೂಕ. 2 ಕೆ.ಜಿ. ಕೌದಿ ನೆನೆದರೆ 6 ಕೆ.ಜಿ. ದಾಟುತ್ತದೆ. ತಂತಿಗೆ ಹಾಕಿದರೆ ಆ ಭಾರವೆಲ್ಲ ತಂತಿ ತಾಗಿದ ಒಂದು ಗೆರೆಯ ಮೇಲೆ ಬೀಳುತ್ತದೆ. ಹಳೇ ಕೌದಿಗಳು ಎಷ್ಟೋ ಹರಿದಿರುವುದು ಹೊದ್ದುಕೊಂಡು ಅಲ್ಲ, ಒಣಹಾಕಿ.

ಎರಡು ನೀರು, ತಲಾ 10 ನಿಮಿಷ, ಅಂಗೈಯಿಂದ ಒತ್ತುವುದಷ್ಟೇ. ಮೊದಲ ನೀರು ಟೀ ಬಣ್ಣಕ್ಕೆ ಬಂತು, ಎರಡನೆಯದು ತಿಳಿ. ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಪರದೆ ಎತ್ತಿ, ಇಳಿಜಾರಿಗೆ ಹಾಕಿದ ಹಲಗೆಯ ಮೇಲೆ ಅರ್ಧ ಗಂಟೆ ಸೋರಲು ಬಿಟ್ಟು, ಒಣ ಟವೆಲ್ ಹಾಸಿ ಒತ್ತಿ, ಆಮೇಲೆ ನವಾರದ ಹೊರಸಿನ ಮೇಲೆ ನೆರಳಲ್ಲಿ ಚಪ್ಪಟೆ ಹಾಸಿದ್ದು. ಅಡಿಯಿಂದಲೂ ಗಾಳಿ ಆಡುತ್ತದೆ, ಅದೇ ಹೊರಸಿನ ಗುಣ. ಒಣಗಲು ಒಂದೂವರೆ ದಿನ ಹಿಡಿಯಿತು.

ತಲೆ ಕಡೆಯ ಎಣ್ಣೆ ಕಲೆ ಬರೀ ನೀರಿಗೆ ಹೋಗಲಿಲ್ಲ. ಹೋಗಲಿ ಎಂದು ಮನೆಯವರೂ ಬಯಸಲಿಲ್ಲ, ಹರಳೆಣ್ಣೆಯ ವಾಸನೆ ಅಲ್ಲಿ ಇನ್ನೂ ಇದೆ. ಎಣ್ಣೆ ಹಳೆಯದಾದಷ್ಟೂ ಬಟ್ಟೆ ಹಳದಿಯಾಗಿ ಬಿರುಸಾಗುತ್ತದೆ ಎಂಬುದನ್ನು ಹೇಳಿ, ಅವರ ಒಪ್ಪಿಗೆ ಪಡೆದೇ ಬಿಟ್ಟದ್ದು.

ದಿನ 8ರಿಂದ 16: ಹೊಲಿಗೆ

ಬೇಕಾದ ಸಾಮಾನು ಕಡಿಮೆ. 8ನೇ ನಂಬರಿನ ತೆಳು ಸೂಜಿ 10 (ದಬ್ಬಣ ಬೇಡವೇ ಬೇಡ, ಎಳೆಗಳ ನಡುವೆ ಹೋಗುವ ಬದಲು ಎಳೆಯನ್ನೇ ಕತ್ತರಿಸುತ್ತದೆ), ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿ), ಜೇನುಮೇಣದ ತುಂಡು, ಕಚ್ಚಾ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಹಾಕಲು ಬೇರೆ ದಾರ, 40ನೇ ನಂಬರಿನ ಹತ್ತಿ ದಾರ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸುಮ್ಮನೆ ದಾರ ಕೇಳಿದರೆ ಈಗ ಕೈಗೆ ಬರುವುದು ಬಹುಪಾಲು ಪಾಲಿಯೆಸ್ಟರ್. ಅಂಗಡಿ ಮುಂದೆಯೇ ಒಂದೆಳೆ ಸುಟ್ಟು ನೋಡಿ. 46 ಮೀಟರ್ ಸಾಲಿಗೆ ಏರಿಳಿತದ ಲೆಕ್ಕ ಸೇರಿಸಿ 55 ಮೀಟರ್, ಎರಡೆಳೆಯಾದರೆ 110. ತೇಪೆಗಳಿಗೆ ಇನ್ನೊಂದು 60. ಬಣ್ಣ ಎಲ್ಲಕ್ಕೂ ಒಂದೇ, ತಿಳಿ ಬೂದಿ. ಅಜ್ಜಿ ಬೂದಿ ಬಣ್ಣದ ದಾರ ಎಲ್ಲೂ ಹಾಕಿಲ್ಲ, ಹಾಗಾಗಿ ಕೌದಿಯಲ್ಲಿ ಬೂದಿ ಕಂಡರೆ ಅದು ರಿಪೇರಿಯದು.

ಈ ಕೆಲಸದಲ್ಲಿ ಒಂದು ನಿಯಮ ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ: ಹೊಸ ದಾರವೂ ಹೊಸ ತೇಪೆಯೂ ಹಳೇ ಬಟ್ಟೆಗಿಂತ ಗಟ್ಟಿ ಇರಬಾರದು. ಎಳೆತ ಬಿದ್ದಾಗ ಯಾವುದೋ ಒಂದು ಹರಿಯಲೇಬೇಕು. ದಾರ ಹರಿದರೆ ಮತ್ತೆ ಹೊಲಿಯಬಹುದು, ಸೀರೆ ಹರಿದರೆ ಹೋಯಿತು. ಮೂರನೇ ತೂತಿಗೆ ಮೊದಲು ಹಾಕಿದ್ದು ಹೊಸ ಪಾಪ್ಲಿನ್ ತೇಪೆ, ಬಣ್ಣ ಚೆನ್ನಾಗಿ ಹೊಂದಿತ್ತು. ಮರುದಿನ ಕೌದಿಯನ್ನು ಮಗುಚಿದಾಗ ತೇಪೆಯ ಅಂಚಿನುದ್ದಕ್ಕೂ ಹಳೇ ವಾಯಿಲ್ ನಾಲ್ಕು ಮಿ.ಮೀ. ಸೀಳಿತ್ತು. ಅದನ್ನು ತೆಗೆದು ಅಜ್ಜಿಯದೇ ಉಳಿದ ವಾಯಿಲ್ ಸೀರೆಯ ತುಂಡು ಹಾಕಿದ ಮೇಲೆ ನಿಂತಿತು.

ಹಳೇ ಸೀರೆಯಲ್ಲಿ ಗಟ್ಟಿ ಜಾಗ ಎಲ್ಲಿ? ಸೊಂಟಕ್ಕೆ ಸಿಕ್ಕಿಸುವ ಒಳತುದಿಯ ಅರ್ಧ-ಮುಕ್ಕಾಲು ಮೀಟರ್ ಎಲ್ಲಕ್ಕಿಂತ ಚೆನ್ನಾಗಿರುತ್ತದೆ, ಅದು ಬಿಸಿಲು ಕಂಡಿರುವುದಿಲ್ಲ. ಕೂತು ಸವೆದ ಭಾಗ, ನೆರಿಗೆಯ ಕೆಳ ಅಂಚು, ಹೆಗಲ ಮೇಲಿನ ಜಾಗ ಕೆಲಸಕ್ಕೆ ಬಾರವು. ಬೆಳಕಿಗೆ ಹಿಡಿದು ನೋಡಿ. ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಎಳೆದಾಗ ಚರ್ ಅಂದರೆ ಬೇಡ.

ದಾರ ಮಾತ್ರ ಹೋದ ಸಾಲುಗಳು ಸುಲಭ. ಹಳೇ ಸೂಜಿ ತೂತುಗಳು ಟಾರ್ಚ್ ಬೆಳಕಿಗೆ ಕಾಣುತ್ತವೆ, ಅವುಗಳಲ್ಲೇ ಸೂಜಿ ಹಾಯಿಸಬೇಕು. ಹೊಸ ತೂತು ಮಾಡಿದರೆ ಬಟ್ಟೆಗೂ ಕೇಡು, ಅಜ್ಜಿಯ ಹೊಲಿಗೆಯ ಅಳತೆಯೂ ತಪ್ಪುತ್ತದೆ. ಹಳೇ ತೂತನ್ನೇ ಹಿಡಿದು ಹೋದರೆ ಇಂಚಿಗೆ 5 ಇದ್ದಲ್ಲಿ 5, ಸೊಟ್ಟ ಇದ್ದಲ್ಲಿ ಸೊಟ್ಟ ತಾನಾಗಿ ಬರುತ್ತದೆ. ಕೈ ಮೊದಮೊದಲು ಒಪ್ಪುವುದಿಲ್ಲ, ನೇರ ಮಾಡಲು ಹೊರಡುತ್ತದೆ. ಮೀಟರಿಗೆ 10 ನಿಮಿಷದ ಲೆಕ್ಕದಲ್ಲಿ 46 ಮೀಟರಿಗೆ 8 ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ದಾರ 45 ಸೆಂ.ಮೀ.ಗಿಂತ ಉದ್ದ ಬೇಡ. ಉದ್ದವಾದಷ್ಟೂ ಒಂದೇ ತೂತಿನಲ್ಲಿ ಹೆಚ್ಚು ಬಾರಿ ಉಜ್ಜಿ ಸೀಳುತ್ತದೆ. ಬಿಗಿಯಾಗಿ ಎಳೆದರೆ ಸಾಲು ಸುಕ್ಕಾಗಿ ಕೌದಿ ಗಿಡ್ಡವಾಗುತ್ತದೆ.

ತೂತುಗಳಿಗೆ: ಒಳಗಿನ ಪದರ ಎಲ್ಲೆಲ್ಲಿ ಇಲ್ಲವೋ ಅಲ್ಲಿ ಅದೇ ಜಾತಿಯ ಹಳೇ ಬಟ್ಟೆಯ ತುಂಡು ತೂರಿಸಿ ಮಟ್ಟ ಮಾಡಿಕೊಳ್ಳಬೇಕು, ಇಲ್ಲವಾದರೆ ತೇಪೆ ಗುಳಿ ಬೀಳುತ್ತದೆ. ಮೇಲಿನ ತೇಪೆ ತೂತಿಗಿಂತ ಎಲ್ಲ ಕಡೆ 3 ಸೆಂ.ಮೀ. ದೊಡ್ಡದು, 1 ಸೆಂ.ಮೀ. ಒಳಕ್ಕೆ ಮಡಿಸಿ, ಹಾಸು-ಹೊಕ್ಕು ಎಳೆಗಳ ದಿಕ್ಕು ಹಳೇ ಬಟ್ಟೆಗೆ ಸರಿಯಾಗಿ ಇಟ್ಟು, ಕಚ್ಚಾ ಹಾಕಿ, ಆಮೇಲೆ ಅಂಚು ಹೊಲಿಗೆ. ಓರೆಯಾಗಿ ಇಟ್ಟ ತೇಪೆ ಮೊದಲ ಒಗೆತಕ್ಕೇ ಜಗ್ಗುತ್ತದೆ. ಮೂಲೆಗಳನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡು ಮಾಡಿದರೆ ಎಳೆತ ಒಂದೇ ಬಿಂದುವಿಗೆ ಬೀಳುವುದಿಲ್ಲ. ಕುಲಾವಿ ಇದ್ದ ತೂತನ್ನು ಮಾತ್ರ ಮುಚ್ಚಲಿಲ್ಲ. ಅದರ ಮೇಲೆ ತೆಳು ಮಲ್ ಬಟ್ಟೆ ಹೊದಿಸಿ ಸುತ್ತ ಹೊಲಿದದ್ದು, ಖಣದ ನೇಯ್ಗೆ ಮಸುಕಾಗಿ ಕಾಣುತ್ತದೆ.

ತಲೆ ಕಡೆಯ ಅಂಚಿಗೆ 8 ಸೆಂ.ಮೀ. ಅಗಲದ ಪಟ್ಟಿ ಸುತ್ತಿದ್ದು. ಹಳೇ ಅಂಚನ್ನು ಕತ್ತರಿಸಿ ಸಮ ಮಾಡುವ ಆಸೆ ತಡೆಯಬೇಕು, ಚಿಂದಿ ಪಟ್ಟಿಯೊಳಗೆ ಹಾಗೇ ಇದೆ.

ಇಲಿ ಕಡಿದ ಮೂಲೆ. ಮಿಕ್ಕ ಮೂರು ಮೂಲೆಗಳಲ್ಲಿ 6 ಸೆಂ.ಮೀ. ಚೌಕದ ಬಟ್ಟೆಯನ್ನು ಎರಡು ಬಾರಿ ಮಡಿಸಿ ಮಾಡಿದ ಮುಕ್ಕೋನ ಇತ್ತು, ಈ ಮೂಲೆಯದು ಹೋಗಿತ್ತು. ಮಡಿಕೆಯನ್ನು ಪಕ್ಕದ ಮೂಲೆಯಿಂದ ನೋಡಿ ನಕಲು ಮಾಡಿ, ಬಟ್ಟೆ ಮಾತ್ರ ಬೇಕೆಂದೇ ಬೇರೆ ಬಣ್ಣದ್ದು ಹಾಕಿದ್ದು.

ದಿನ 17: ಚಾಪೆ ಹಾಸಿ ಕೇಳಿದ್ದು

ಕೌದಿಯನ್ನು ಚಾಪೆಯ ಮೇಲೆ ಹಾಸಿ, ಚೌಕದ ನಂಬರ್ ಚೀಟಿ ಇಟ್ಟು, ಅಜ್ಜಿಯ ಇಬ್ಬರು ಹೆಣ್ಣುಮಕ್ಕಳು ಮತ್ತು ದೊಡ್ಡ ಸೊಸೆಯನ್ನು ಸುತ್ತ ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಫ್ಯಾನ್ ಆರಿಸಬೇಕು, ಇಲ್ಲವಾದರೆ ಆಮೇಲೆ ಕೇಳಿಸುವುದು ಫ್ಯಾನೇ. ಮೊಬೈಲನ್ನು ಮಡಿಸಿದ ಟವೆಲ್ ಮೇಲೆ ನಡುವೆ ಇಟ್ಟರೆ ಸಾಕು. ಪ್ರತಿ ತುಂಡಿಗೆ ಕೈ ಇಟ್ಟು ನಂಬರ್ ಹೇಳಿ ಶುರು ಮಾಡಿಸಿ.

'ಅಜ್ಜಿಯ ಬಗ್ಗೆ ಹೇಳಿ' ಅಂದರೆ ಎಲ್ಲರೂ ಒಂದೇ ಹೇಳುತ್ತಾರೆ, ಬಹಳ ಒಳ್ಳೆಯವರು ಅಂತ. 'ಈ ಸೀರೆ ಯಾವ ವರ್ಷದ್ದು' ಅಂದರೂ ಉತ್ತರ ಸಿಗುವುದಿಲ್ಲ. ಈ ಸೀರೆ ಉಟ್ಟು ಅಡಿಗೆ ಮಾಡುವಾಗ ಒಲೆ ಇತ್ತೋ ಗ್ಯಾಸ್ ಬಂದಿತ್ತೋ, ಆಗ ತೊಟ್ಟಿಲಲ್ಲಿ ಯಾರಿದ್ದರು, ದುಗ್ಗಮ್ಮನ ಜಾತ್ರೆಗೆ ತಂದದ್ದೋ ಮದುವೆಗೋ ಅಂತ ಕೇಳಬೇಕು. ಜಾತ್ರೆ ಎರಡು ವರ್ಷಕ್ಕೊಮ್ಮೆಯಾದ್ದರಿಂದ ಜಾತ್ರೆ ಲೆಕ್ಕ ಸಿಕ್ಕರೆ ಇಸವಿ ಹತ್ತಿರಕ್ಕೆ ಬರುತ್ತದೆ.

ಹೂವಿನ ವಾಯಿಲ್ ಬಗ್ಗೆ ಒಪ್ಪಂದ ಆಗಲಿಲ್ಲ. 'ಇದು ನನ್ನ ಬಾಣಂತನದಾಗ ಅವ್ವ ಉಡತಿದ್ಲು' ಅಂತ ದೊಡ್ಡವರು. 'ಅಲ್ಲಬಿಡಕ್ಕ, ಅದು ಬ್ಯಾರೆ, ಅದರ ಅಂಚು ನೀಲಿ' ಅಂತ ಚಿಕ್ಕವರು. ಯಾರು ಸರಿ ಎಂದು ತೀರ್ಮಾನ ಮಾಡಲು ಹೋಗಬಾರದು. ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ, ಹೇಳಿದವರ ಹೆಸರಿನ ಸಮೇತ ಬರೆಯಬೇಕು. ಕುಲಾವಿ ಯಾರದೆಂಬ ಪ್ರಶ್ನೆಗೆ ಮಾತ್ರ ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಳಿಯದೇ ಹೋದ ಮೊದಲ ಮಗುವಿನದು ಎಂದು ಸೊಸೆ ಹೇಳಿದರು. ಅತ್ತೆ ಅದನ್ನು ಹೇಳಿದ್ದು ಅವರೊಬ್ಬರ ಹತ್ತಿರ. ಇಂಥದ್ದು ಬಂದಾಗ ರೆಕಾರ್ಡ್ ಇಡುವುದೋ ಅಳಿಸುವುದೋ ಎಂದು ಅಲ್ಲೇ ಕೇಳಿ, ಅವರು ಹೇಳಿದಂತೆ ಮಾಡಿ.

ಮೊಮ್ಮಕ್ಕಳ ಪಾಲು

ಮೊಮ್ಮಕ್ಕಳು ಐವರು, ಕೌದಿ ಒಂದು. ಐದು ತುಂಡು ಮಾಡೋಣ ಎಂಬ ಮಾತು ಬಂದೇ ಬರುತ್ತದೆ. ಕತ್ತರಿಸಿದ ಕೌದಿಯಲ್ಲಿ ಪ್ರತಿ ಸಾಲೂ ನಾಲ್ಕು ಕಡೆ ಬಿಚ್ಚಿಕೊಳ್ಳುತ್ತದೆ, ವರ್ಷದೊಳಗೆ ಯಾರ ಹತ್ತಿರವೂ ಏನೂ ಉಳಿಯುವುದಿಲ್ಲ. ಬದಲಿಗೆ ಟ್ರಂಕಿನಲ್ಲಿ ಉಳಿದ ಸೀರೆಗಳಿಂದ 75 × 90 ಸೆಂ.ಮೀ. ಅಳತೆಯ ಮಗುವಿನ ಕೌದಿ ಐದು ಮಾಡಬಹುದು. ನಾಲ್ಕು ಪದರಕ್ಕೆ 2.7 ಚದರ ಮೀಟರ್, ಮೇಲಿನ ತೇಪೆಗಳಿಗೆ 1. ಒಂದು ಕೌದಿಗೆ 3.7. ಐದೂವರೆ ಮೀಟರಿನ ಸೀರೆಯೊಂದರಲ್ಲಿ 6.3 ಚದರ ಮೀಟರ್ ಬಟ್ಟೆ. ಲೆಕ್ಕಕ್ಕೆ ಮೂರು ಸೀರೆ, ಸವೆದದ್ದು ಕಳೆದರೆ ನಾಲ್ಕು. ಒಂದೂವರೆ ಸೆಂ.ಮೀ. ಅಂತರದ ಸಾಲಾದರೆ ಒಂದಕ್ಕೆ 45 ಮೀಟರ್ ಹೊಲಿಗೆ, ಸುಮಾರು ಏಳೂವರೆ ಗಂಟೆ.

ಅಂಚಿನಿಂದ ನಡುವಿಗೆ ಹೊಲಿಯುತ್ತ ಹೋದರೆ ಒಳಪದರಗಳ ಸಡಿಲೆಲ್ಲ ನಡುವೆ ಬಂದು ಗುಳ್ಳೆ ಏಳುತ್ತದೆ. ಕೌದಿ ಹೊಲಿಯುವವರು ತೇಪೆಗಳನ್ನು ಮೊದಲೇ ಜೋಡಿಸದೆ ಹೋದಹಾಗೆಲ್ಲ ಇಡುತ್ತ ಹೋಗುವುದು ಇದಕ್ಕೇ. ಸಡಿಲು ಮುಂದಿನ ತೇಪೆಯ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಹೊಸಬರು 15 ಸೆಂ.ಮೀ.ಗೆ ಒಂದರಂತೆ ಉದ್ದ-ಅಡ್ಡ ಕಚ್ಚಾ ಹಾಕಿಕೊಂಡು ಶುರು ಮಾಡಲಿ. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯ ಜೊತೆ ಬೆರೆಸುವುದಾದರೆ ಹತ್ತಿಯನ್ನು ಮೊದಲೇ ಎರಡು ಬಾರಿ ಒಗೆದಿರಬೇಕು, ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ.

ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಕತ್ತರಿ ಹಾಕಬೇಡಿ. ಕೌದಿಗೆ ಅದು ಕೆಲಸಕ್ಕೂ ಬಾರದು: ಜರಿ ಪಕ್ಕದ ಹತ್ತಿಯನ್ನು ಉಜ್ಜಿ ಸವೆಸುತ್ತದೆ, ಹತ್ತಿ ಒಗೆಯುವಂತೆ ರೇಷ್ಮೆ ಒಗೆಯಲಾಗುವುದಿಲ್ಲ.

ದಿನ 18, 19: ಚೀಟಿ, ಟ್ರಂಕ್

ಹಿಂಬದಿಯ ಒಂದು ಮೂಲೆಯಲ್ಲಿ 4 × 8 ಸೆಂ.ಮೀ. ಬಿಳಿ ಹತ್ತಿ ಪಟ್ಟಿ. ಅದರಲ್ಲಿ ಅಜ್ಜಿಯ ಹೆಸರು, ಊರು, ರಿಪೇರಿಯ ತಿಂಗಳು-ವರ್ಷ, 'ಬೂದಿ ದಾರ ರಿಪೇರಿಯದು' ಎಂಬ ಒಂದು ಸಾಲು. ಪೆನ್ನಿನ ಶಾಯಿ ಮಾಸುತ್ತದೆ, ದಾರದಲ್ಲೇ ಹೊಲಿದದ್ದು.

ಟ್ರಂಕಿಗೆ ವಾಪಸ್ ಹೋಗುವ ಮುಂಚೆ ಟ್ರಂಕಿನ ತುಕ್ಕು ಉಜ್ಜಿ, ಬಣ್ಣ ಹೊಡೆದು, ಎರಡು ವಾರ ಬಾಯಿ ತೆರೆದು ಗಾಳಿಗಿಡಬೇಕು. ಪ್ಲಾಸ್ಟಿಕ್ ಕವರ್ ಬೇಡ. ಗಂಜಿ ಹಾಕಿ ಇಡಬೇಡಿ. ಗೋಡೆ ಸಂದಿನ ಬೆಳ್ಳಿಹುಳಕ್ಕೆ ಬೇಕಾದದ್ದು ಆ ಗಂಜಿಯೇ. ನುಸಿಗುಳಿಗೆ ಹಾಕಿದರೆ ಹರಳೆಣ್ಣೆಯ ವಾಸನೆ ಅಲ್ಲಿಗೆ ಮುಗಿಯಿತು. ಒಣಗಿದ ಬೇವಿನ ಎಲೆಯನ್ನು ಬಟ್ಟೆಯ ಪೊಟ್ಟಣದಲ್ಲಿ ಕಟ್ಟಿ ಮೂಲೆಗಿಟ್ಟರೆ ಸಾಕು, ಆರು ತಿಂಗಳಿಗೊಮ್ಮೆ ಬದಲಿಸಬೇಕು. ಕೌದಿಯನ್ನು ಮಡಿಸುವಾಗ ಪ್ರತಿ ಮಡಿಕೆಯೊಳಗೆ ಹಳೇ ಬಟ್ಟೆಯ ಸುರುಳಿ ಇಟ್ಟು, ಮುಂದಿನ ಬಾರಿ ಬೇರೆ ಗೆರೆಯಲ್ಲಿ ಮಡಿಸಬೇಕು. ಯುಗಾದಿ, ದೀಪಾವಳಿ ಎರಡು ಗುರುತು ಇಟ್ಟುಕೊಂಡರೆ ಮರೆಯುವುದಿಲ್ಲ.

ಕೊನೆಗೆ ಉಳಿದದ್ದು ಚೌಕ 61. ಸೂಜಿ ಸಿಕ್ಕ ಜಾಗದಲ್ಲಿ ಗುಲಾಬಿ ದಾರದ ಸಾಲು ತೇಪೆಯ ಮೂರು ಬದಿ ಸುತ್ತಿ ನಾಲ್ಕನೇ ಬದಿಯಲ್ಲಿ 11 ಸೆಂ.ಮೀ. ಬಾಕಿ ಇರುವಾಗ ನಿಂತಿದೆ. ಬೂದಿ ದಾರದಲ್ಲಿ ಪೂರ್ತಿ ಮಾಡುವುದು ಐದು ನಿಮಿಷದ ಕೆಲಸ. ಮಾಡಲಿಲ್ಲ. ಬಿಚ್ಚಿಕೊಳ್ಳದಂತೆ ದಾರದ ತುದಿಗೆ ಎರಡು ಹೊಲಿಗೆ ಹಾಕಿ, ತೆರೆದ ಬದಿಗೆ ಬೆರಳು ಸಿಕ್ಕಿ ಹರಿಯದಂತೆ ಒಳಗಿನಿಂದ ಮಲ್ ಬಟ್ಟೆಯ ಪಟ್ಟಿ ಕೊಟ್ಟು ಬಿಟ್ಟದ್ದು.